ಮೂರನೆಯ ತಂತಿ

ನಮ್ಮ ಓಣಿಯಲ್ಲಿ ಬುಟೀಕ್ ಎಂದರೆ ರವಿಕೆ ಹೊಲಿಯುವ ಅಂಗಡಿ. ಹೀಗಾಗಿ 2023ರ ಬೇಸಿಗೆಯ ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗ, "ಅಪ್ಪಾ, ಒಂದು ಬುಟೀಕ್ ಪೆಡಲ್ ತರಸಬೇಕು ಅಂತ ಮಾಡೀನಿ" ಎಂದದ್ದೇ ತಡ, ಅವನ ತಾಯಿ ಸೌಟು ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, "ಹೊಲಿಗಿ ಮಷೀನಿಗೆ ಮೋಟರ್ ಕೂಡಿಸಿದಾಗ ಅವರೇ ಪೆಡಲ್ ಕೊಟ್ಟಾರಲ್ಲೋ, ಮತ್ತೊಂದ್ಯಾಕ?" ಎಂದು ಕೇಳಿದಳು. ಮಗ ನಕ್ಕ. ನಾನು ನಗಲಿಲ್ಲ. ಅದೇನೆಂದು ನನಗೂ ಗೊತ್ತಿರಲಿಲ್ಲ. ಆಮೇಲೆ ಗೊತ್ತಾದಾಗ, ಅವಳ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ ಎಂಬುದೂ ತಿಳಿಯಿತು. ಹಳೆಯ ಮಾದರಿಯ ಹೊಲಿಗೆ ಮೋಟರಿನ ಪೆಡಲೂ ಗಿಟಾರಿನ ಈ ಪೆಡಲೂ ಒಂದೇ ಜಾತಿಯವು. ಕಾಲು ಒತ್ತಿದಂತೆ ಎರಡರಲ್ಲೂ ವಿದ್ಯುತ್ ರೋಧ ಬದಲಾಗುತ್ತದೆ.

ಗಿಟಾರ್ ನುಡಿಸುವವರ ಲೋಕದಲ್ಲಿ ಬುಟೀಕ್ ಎಂದರೆ ದೊಡ್ಡ ಕಾರ್ಖಾನೆಯ ಮಾಲಲ್ಲ. ಇಬ್ಬರೋ ಮೂವರೋ ಸಣ್ಣ ಶೆಡ್ಡಿನಲ್ಲಿ ಕುಳಿತು ಕೈಯಾರೆ ಬೆಸುಗೆ ಹಾಕಿ, ತಿಂಗಳಿಗೆ ಬೆರಳೆಣಿಕೆಯಷ್ಟು ಮಾಡಿ ಮಾರುವ ಸಾಮಾನು. ಮಗ ಹೇಳಿದ ಪೆಡಲನ್ನು ಮಾಡುವವರು ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದಾರೆ. ಸಾಗಣೆ, ಸುಂಕ ಎಲ್ಲ ಸೇರಿ 18 ಸಾವಿರ ರೂಪಾಯಿ! 1995ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅರ್ಧ ವರ್ಷ ದುಡಿದರೂ ಅಷ್ಟು ಕೈಗೆ ಬರುತ್ತಿರಲಿಲ್ಲ. ಆದರೆ ಹುಡುಗ ಓಣಿಯ ಮಕ್ಕಳಿಗೆ ಗಿಟಾರ್ ಪಾಠ ಹೇಳಿ ಅದರಲ್ಲಿ ಅರ್ಧ ಕೂಡಿಸಿಟ್ಟಿದ್ದ. ಬೇಡವೆನ್ನಲು ಬಾಯಿ ಬರಲಿಲ್ಲ. ಉಳಿದರ್ಧ ನಾನು ಹಾಕಿದೆ.

ಇದರ ಹೆಸರು ಎಕ್ಸ್‌ಪ್ರೆಷನ್ ಪೆಡಲ್. ಇದರಿಂದ ಯಾವ ಸದ್ದೂ ಹೊರಡುವುದಿಲ್ಲ. ಗಿಟಾರಿನ ನಾದವೂ ಇದರೊಳಗೆ ಹಾಯುವುದಿಲ್ಲ. ನಾದವನ್ನು ತಿದ್ದುವ ಡಬ್ಬಿ ಬೇರೆಯೇ ಇರುತ್ತದೆ. ಎಷ್ಟು ತಿದ್ದಬೇಕೆಂದು ಆ ಡಬ್ಬಿಗೆ ಕಾಲಿನಿಂದ ಹೇಳುವುದಷ್ಟೇ ಪೆಡಲಿನ ಕೆಲಸ. ಡಬ್ಬಿ ಮೂರು ಅಥವಾ ಐದು ವೋಲ್ಟಿನಷ್ಟು ವಿಭವವನ್ನು ಪೆಡಲಿಗೆ ಕಳಿಸುತ್ತದೆ. ಪೆಡಲಿನೊಳಗಿನ ಪೊಟೆನ್ಷಿಯೋಮೀಟರು ಅದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಕೊಡುತ್ತದೆ. ಪಾದ ಹಿಂದಿದ್ದರೆ ಸೊನ್ನೆ, ಪೂರಾ ಒತ್ತಿದರೆ ಪೂರ್ತಿ, ನಡುವೆ ಇದ್ದರೆ ಅರ್ಧ. ಡಬ್ಬಿ ಆ ಪಾಲನ್ನು ಅಂಕಿಯಾಗಿ ಓದಿಕೊಳ್ಳುತ್ತದೆ. 1983ರಲ್ಲಿ ಬಂದ ಮಿಡಿ ಎಂಬ ಪದ್ಧತಿಯಲ್ಲಿ ಇದಕ್ಕೆ 0ಯಿಂದ 127ರವರೆಗೆ 128 ಮೆಟ್ಟಿಲುಗಳು. ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಬೇಕೆಂದರೆ, ರಿಯೋಸ್ಟಾಟಿನ ಮೂರೂ ತುದಿಗಳನ್ನು ಬಳಸಿ ಮಾಡುವ ವಿಭವ ವಿಭಾಜಕ ಇದು. ಮೂರು ತುದಿ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ನನ್ನ ಮರ್ಯಾದೆಯ ಪ್ರಶ್ನೆ ಅಲ್ಲೇ ಇದೆ.

ಸಂಗೀತದಲ್ಲಿ ಕಾಲಿಗೆ ಕೆಲಸ ಕೊಟ್ಟದ್ದು ಹೊಸದೇನಲ್ಲ. 1842ರಲ್ಲಿ ಪ್ಯಾರಿಸಿನ ಡೆಬೈನ್ ಎಂಬಾತ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕಾಲಿನಿಂದ ತಿದಿ ಒತ್ತುವ ವಾದ್ಯ. ಅದರಲ್ಲೊಂದು ಗುಂಡಿ ಎಳೆದರೆ ಗಾಳಿ ನಡುವಿನ ಸಂಗ್ರಹದ ಚೀಲವನ್ನು ಬಿಟ್ಟು ನೇರವಾಗಿ ಸ್ವರದ ಪಟ್ಟಿಗಳಿಗೆ ನುಗ್ಗುತ್ತಿತ್ತು. ಆಗ ಪಾದದ ಒತ್ತಡ ಹೆಚ್ಚಿದಂತೆ ನಾದವೂ ಹೆಚ್ಚುತ್ತಿತ್ತು. ಆ ಗುಂಡಿಯ ಹೆಸರೇ ಎಕ್ಸ್‌ಪ್ರೆಷನ್. ನಮ್ಮ ಕಂಪನಿ ನಾಟಕಗಳಲ್ಲಿ ಕಾಲು ಹಾರ್ಮೋನಿಯಂ ಮುಂದೆ ಕುಳಿತ ಮಾಸ್ತರರನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ. ಪಾತ್ರಧಾರಿಯ ದನಿ ಏರಿದಂತೆ ಅವರ ಕಾಲೂ ಏರುತ್ತಿತ್ತು. ಗಿಟಾರಿನವರಿಗೆ ಈ ಭಾಗ್ಯ ತಡವಾಗಿ ಬಂತು. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಎಂಬ ಎಂಜಿನಿಯರು ನಾದದ ಮಧ್ಯಮ ಕಂಪನಾಂಕಗಳನ್ನು ಎತ್ತಿ ತೋರಿಸುವ ಸರ್ಕಿಟ್ಟಿನ ಗುಂಡಿಯನ್ನು ತಿರುಗಿಸುತ್ತಿದ್ದಾಗ ಮಗು ಅತ್ತಂಥ ಸ್ವರ ಬಂತು. ಆರ್ಗನ್ನಿನ ವಾಲ್ಯೂಮ್ ಪೆಡಲಿನೊಳಗೆ ಆ ಸರ್ಕಿಟ್ಟನ್ನು ಕೂಡಿಸಿದರು. ವಾಹ್ ಪೆಡಲ್ ಹುಟ್ಟಿದ್ದು ಹಾಗೆ.

ಪಾರ್ಸಲ್ ಬಂದ ದಿನ ನಾನು ಮಾಡಿದ ಮೊದಲ ಕೆಲಸ, ಮಗ ಬೇಡಬೇಡವೆನ್ನುತ್ತಿದ್ದರೂ ಅದರ ತಳದ ನಾಲ್ಕು ಸ್ಕ್ರೂ ಬಿಚ್ಚಿದ್ದು. ಈ ಚಟ ನನಗೆ ಬಿ.ಎಸ್ಸಿ. ದಿನಗಳಿಂದ ಇದೆ. ಪೆಡಲು ಅಡುಗೆಮನೆಯ ತಕ್ಕಡಿಯಲ್ಲಿ 1 ಕಿಲೋ 300 ಗ್ರಾಂ ತೂಗಿತು. ತೂಕ ಇಲ್ಲಿ ಗುಣವೇ. ಹಗುರ ಪೆಡಲು ಒತ್ತಿದಾಗ ನೆಲದ ಮೇಲೆ ಜಾರುತ್ತದೆ. ಮೈಯೆಲ್ಲ ಬಾಗಿಸಿದ ಉಕ್ಕಿನ ಹಾಳೆ. ಪಾದದ ಹಲಗೆ ತೂಗುವ ಕೀಲಿಗೆ ಉಕ್ಕಿನ ಸಲಾಕೆ, ಅದರ ಎರಡೂ ತುದಿಗೆ ನೈಲಾನ್ ಬುಷ್. ಬಿಗಿ ಸಡಿಲ ಮಾಡಿಕೊಳ್ಳಲು ಒಂದು ನಟ್ಟು. ತಂತಿ ಚುಚ್ಚುವ ಸಾಕೆಟ್ಟು ಒಳಗಿನ ಹಲಗೆಗೆ ಬರೀ ಬೆಸುಗೆಯಿಂದ ಅಂಟಿರದೆ ಹೊರಕವಚಕ್ಕೆ ನಟ್ಟಿನಿಂದ ಬಿಗಿದಿತ್ತು. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ವೇದಿಕೆಯ ಮೇಲೆ ಯಾರಾದರೂ ತಂತಿ ಎಡವಿದಾಗ ಆ ಎಳೆತವನ್ನು ತಾಳಿಕೊಳ್ಳುವುದು ಉಕ್ಕಿನ ಕವಚವೋ ಬೆಸುಗೆಯ ಚುಕ್ಕೆಯೋ ಎಂಬುದರ ಮೇಲೆ ಪೆಡಲಿನ ಆಯುಸ್ಸು ನಿಂತಿದೆ. ಮುಚ್ಚಳದ ಒಳಬದಿಗೆ ಯಾರೋ ಪೆನ್ನಿನಿಂದ ಕ್ರಮಸಂಖ್ಯೆ ಬರೆದು ಕೆಳಗೆ ಸಣ್ಣ ರುಜು ಹಾಕಿದ್ದರು.

ಅದರ ಯಂತ್ರ ನನಗೆ ಬಹಳ ಹಿಡಿಸಿತು. ಪಾದದ ಹಲಗೆ ತೂಗುವುದು 20, 25 ಡಿಗ್ರಿ ಮಾತ್ರ. ಪೊಟೆನ್ಷಿಯೋಮೀಟರಿನ ದಂಡ ತಿರುಗುವುದು 270ರಿಂದ 300 ಡಿಗ್ರಿ. ಈ ಚೂರು ಚಲನೆಯನ್ನು ಅಷ್ಟು ದೊಡ್ಡದು ಮಾಡಬೇಕು. ಅದಕ್ಕೆ ಹಲ್ಲುಗಳ ಪಟ್ಟಿಯೊಂದು ಕೆಳಗಿಳಿಯುತ್ತ ಪುಟ್ಟ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಎಲ್ಲರೂ ಹೀಗೆಯೇ ಮಾಡುವುದಿಲ್ಲ. ಎರ್ನಿ ಬಾಲ್ ಕಂಪನಿಯ ವಾಲ್ಯೂಮ್ ಪೆಡಲುಗಳಲ್ಲಿ ದಾರ ಸುತ್ತಿ ಎಳೆಯುವ ಏರ್ಪಾಟಿದೆ, ಬಾವಿಯ ರಾಟೆಯಂತೆ. ಡನ್‌ಲಪ್‌ನವರ ಕೆಲವು ಪೆಡಲುಗಳಲ್ಲಿ ದಾರದ ಬದಲು ಉಕ್ಕಿನ ಪಟ್ಟಿ. ಮಾರ್ಲಿಯವರಂತೂ ಉಜ್ಜುವ ಭಾಗವೇ ಬೇಡವೆಂದು ಬೆಳಕನ್ನು ಬಳಸಿದರು. ಪಾದದೊಂದಿಗೆ ಒಂದು ಮರೆ ಸರಿಯುತ್ತದೆ, ಬೆಳಕು ಹೆಚ್ಚು ಕಡಿಮೆ ಬೀಳುತ್ತದೆ, ಬೆಳಕಿಗೆ ತಕ್ಕಂತೆ ರೋಧ ಬದಲಾಗುತ್ತದೆ. ಕಾಂತವನ್ನು ಸರಿಸಿ 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮದಿಂದ ಅಳೆಯುವ ಪೆಡಲುಗಳೂ ಇವೆ. ಉಜ್ಜುವುದು ಇಲ್ಲದಲ್ಲಿ ಸವೆಯುವುದೂ ಇಲ್ಲ.

ಸವೆತದ ಲೆಕ್ಕವನ್ನು ಅಂದೇ ಕಾಗದದ ಮೇಲೆ ಮಾಡಿದ್ದೆ. ಇಂಗಾಲದ ಲೇಪವಿರುವ ಸಾಮಾನ್ಯ ಪೊಟೆನ್ಷಿಯೋಮೀಟರನ್ನು ಸಾಧಾರಣವಾಗಿ 10ರಿಂದ 15 ಸಾವಿರ ಸಲ ತಿರುಗಿಸಬಹುದೆಂದು ತಯಾರಕರು ಭರವಸೆ ಕೊಡುತ್ತಾರೆ. ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕಿನ ಉತ್ತಮ ದರ್ಜೆಯದಾದರೆ ಹತ್ತು ಲಕ್ಷ ಸಲ. ಮಗ ದಿನಕ್ಕೆ 20 ನಿಮಿಷ ಪೆಡಲು ಬಳಸುತ್ತಾನೆ, ನಿಮಿಷಕ್ಕೆ 5 ಸಲ ಒತ್ತುತ್ತಾನೆ ಎಂದರೆ ದಿನಕ್ಕೆ 100. ಇಂಗಾಲದ್ದಕ್ಕೆ 150 ದಿನ. ಪ್ಲಾಸ್ಟಿಕ್ಕಿನದಕ್ಕೆ 27 ವರ್ಷ. ಅಷ್ಟರಲ್ಲಿ ಅವನ ಮಗ ಅದನ್ನು ಒತ್ತುತ್ತಿರುತ್ತಾನೆ. ಭರವಸೆಯ ಅವಧಿ ಮುಗಿದ ಮರುದಿನವೇ ಸಾಮಾನು ಸಾಯುತ್ತದೆಂದಲ್ಲ. ಆದರೆ ಎರಡರ ಬೆಲೆಯ ವ್ಯತ್ಯಾಸ ಕೆಲವು ನೂರು ರೂಪಾಯಿ, ಆಯುಸ್ಸಿನ ವ್ಯತ್ಯಾಸ ಇಷ್ಟು. ನಮ್ಮದರಲ್ಲಿ ಪ್ಲಾಸ್ಟಿಕ್ಕಿನದಿದೆ ಎಂದು ಅವರ ವಿವರಣೆಯಲ್ಲಿ ಬರೆದಿತ್ತು. ನಾನು ನೆಮ್ಮದಿಯಿಂದ ಮುಚ್ಚಳ ಹಾಕಿದೆ.

ತಂದೆತಾಯಿಗಳಿಗೆ ಒಂದು ಮಾತು. ಕಲಿಯುವ ಮಕ್ಕಳಿಗೆ 18 ಸಾವಿರದ ಪೆಡಲು ಬೇಕಿಲ್ಲ. ಮೂರು ಸಾವಿರದ ಪ್ಲಾಸ್ಟಿಕ್ ಮೈಯದು ಮನೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೊಳ್ಳುವಾಗ ಒಂದನ್ನು ಮಾತ್ರ ವಿಚಾರಿಸಿ. ರೋಲ್ಯಾಂಡ್ ಮತ್ತು ಯಮಾಹಾ ಕಂಪನಿಗಳು ಪಿನ್ನಿನೊಳಗೆ ತಂತಿ ಜೋಡಿಸುವ ಕ್ರಮ ಬೇರೆಬೇರೆ. ಒಂದರದು ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಕೆಲವು ತಯಾರಕರು ಇದಕ್ಕೆಂದೇ ಪುಟ್ಟ ಸ್ವಿಚ್ ಇಟ್ಟಿರುತ್ತಾರೆ. ಹಾಗೆಯೇ ಗಿಟಾರಿನ ಮಾಮೂಲಿ ತಂತಿ ಇದಕ್ಕೆ ನಡೆಯದು. ಅದರಲ್ಲಿ ಎರಡೇ ಎಳೆ, ಪೆಡಲಿಗೆ ಮೂರು ಬೇಕು. ಕೆಟ್ಟುಹೋಗಿದೆಯೆಂದು ಅಂಗಡಿಗೆ ಮರಳುವ ಎಷ್ಟೋ ಪೆಡಲುಗಳು ಕೆಟ್ಟಿರುವುದೇ ಇಲ್ಲ.

14 ತಿಂಗಳು ಏನೂ ತೊಂದರೆಯಿರಲಿಲ್ಲ. 2024ರ ಆಗಸ್ಟಿನಲ್ಲಿ ಮಗ ಬಂದು, "ಅಪ್ಪಾ, ಪೆಡಲ್ ನಡುವ ಜಿಗೀತದ. ಸಾವಕಾಶ ಒತ್ತಿದ್ರೂ ಅಂಕಿ ಹಿಂದ ಮುಂದ ಆಗ್ತಾವ" ಎಂದ. ಒಂದು ವರ್ಷದ ವಾರಂಟಿ ಮುಗಿದಿತ್ತು. ಕಾಲೇಜುಗಳ ಯುವಜನೋತ್ಸವಕ್ಕೆ ಹತ್ತು ದಿನ ಉಳಿದಿತ್ತು. ಅವರ ತಂಡದ ಹಾಡು ಶುರುವಾಗುವುದೇ ಈ ಪೆಡಲಿನಿಂದ: ಏನೂ ಕೇಳದ ಮೌನದಿಂದ ನಾದ ಮೆಲ್ಲಗೆ, ಬೆಳಗು ಹರಿದಂತೆ, ಏರಬೇಕು.

"ಅಮೆರಿಕಾದವರಿಗೆ ಬರೀಲೇನು?" ಎಂದು ಕೇಳಿದ.

"ಅವರಿಗ್ಯಾಕ ಬರೀತಿ? ಒಳಗ ಇರೋದು ಒಂದು ಪೊಟೆನ್ಷಿಯೋಮೀಟರ್. 29 ವರ್ಷ ಅದನ್ನೇ ಕಲಿಸೀನಿ" ಎಂದೆ.

ನಮ್ಮೂರು ಧಾರವಾಡದಲ್ಲಿ ಟಿ.ವಿ., ಆಂಪ್ಲಿಫೈಯರ್ ರಿಪೇರಿ ಮಾಡುವ ಒಂದು ಅಂಗಡಿಯಿದೆ. ಅದರ ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ಅಲ್ಲಿಗೆ ಹೋಗಿ 10 ಕಿಲೋ ಓಮಿನದು ಒಂದು ಕೊಡು ಎಂದೆ. "ಸರ, ಎ ಬೇಕೋ ಬಿ ಬೇಕೋ? ಎದಕ್ಕ ಹಾಕೋದು?" ಎಂದು ಕೇಳಿದ. "ಎ ಕೊಡು. ಎ ಅಂದ್ರ ಲೀನಿಯರ್. ನನಗ ಗೊತ್ತದ" ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದಂತಿತ್ತು. ಆಮೇಲೆ ಡ್ರಾಯರು ತೆಗೆದು ಎ ಎಂದು ಅಚ್ಚಾಗಿದ್ದ ಪೊಟೆನ್ಷಿಯೋಮೀಟರು ಕೊಟ್ಟ.

ಬೆಸುಗೆ ಹಾಕಲು ನನಗೆ ಬಿಡುವಾದದ್ದು ಉತ್ಸವದ ಹಿಂದಿನ ರಾತ್ರಿ. ಮಗ ನಾಲ್ಕೈದು ಸಲ ಒತ್ತಿ ನೋಡಿ, "ಏನೋ ಬ್ಯಾರೆ ಅನಸ್ತದಪ್ಪಾ" ಎಂದ. "ಹೊಸಾದಲ್ಲ, ನಿನ್ನ ಕಾಲಿಗೆ ರೂಢಿ ಆಗೋತನಕ ಹಂಗ" ಎಂದೆ.

ಮರುದಿನ ನಾನೂ ಸಭಿಕರಲ್ಲಿದ್ದೆ. ಮೌನ. ಮಗ ಪಾದ ಒತ್ತತೊಡಗಿದ. ಅರ್ಧಕ್ಕೆ ಬಂದರೂ ಏನೂ ಕೇಳಲಿಲ್ಲ. ಸಭೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ನಾದ ಧಡಕ್ಕನೆ ಮೇಲೆ ಬಂತು. ಬೆಳಗು ಹರಿಯಲಿಲ್ಲ, ಯಾರೋ ಟ್ಯೂಬ್‌ಲೈಟಿನ ಸ್ವಿಚ್ ಒತ್ತಿದಂತಾಯಿತು. ತಬಲಾದ ಹುಡುಗ ಗಾಬರಿಯಾಗಿ ಒಂದು ಮಾತ್ರೆ ಮುಂಚೆಯೇ ಸೇರಿಕೊಂಡ. ಬಹುಮಾನ ಬರಲಿಲ್ಲ. ಅದೊಂದೇ ಕಾರಣವೆಂದು ನಾನು ಹೇಳಲಾರೆ. ಮನೆಗೆ ಬರುವಾಗ ಮಗ ಸ್ಕೂಟರಿನ ಹಿಂದೆ ಕುಳಿತು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನನ್ನ ಸಿಟ್ಟು ಹೊರಳಿದ್ದು ಅಮೆರಿಕದ ಕಡೆಗೆ. ಅಂದು ರಾತ್ರಿ ಕುಳಿತು ಒಂದು ಇ-ಮೇಲ್ ಬರೆದೆ. 18 ಸಾವಿರ ರೂಪಾಯಿ ಎಂದರೆ ನಮ್ಮಲ್ಲಿ ಏನೆಂದು ವಿವರಿಸಿದೆ. ನಾನು ಬಿ.ಎಸ್ಸಿ., ಬಿ.ಎಡ್. ಎಂಬುದನ್ನೂ ಬರೆದೆ. ಹೊಸ ಪೊಟೆನ್ಷಿಯೋಮೀಟರು ಹಾಕಿದರೂ ಸರಿಹೋಗದಿರುವುದು ನಿಮ್ಮ ವಿನ್ಯಾಸವೇ ಸರಿಯಿಲ್ಲವೆಂಬುದಕ್ಕೆ ಸಾಕ್ಷಿ ಎಂದು ಮುಗಿಸಿದೆ. ಒಳಗಿನ ಫೋಟೋ ಒಂದನ್ನು ಪುರಾವೆಯಾಗಿ ಲಗತ್ತಿಸಿದೆ.

ಮೂರನೆಯ ದಿನ ಉತ್ತರ ಬಂತು. ಗ್ರಾಹಕ ವಿಭಾಗ, ದೂರು ಸಂಖ್ಯೆ ಇತ್ಯಾದಿ ಏನೂ ಇರಲಿಲ್ಲ. ಪೆಡಲಿನ ಮುಚ್ಚಳದೊಳಗೆ ರುಜು ಹಾಕಿದ್ದ ಮನುಷ್ಯನೇ ಬರೆದಿದ್ದ. ಮೊದಲ ಸಾಲಿನಲ್ಲೇ, ತಪ್ಪು ತಮ್ಮದೆಂದು ಹೇಳಿದ್ದ. 2022ರಲ್ಲಿ ಬಿಡಿಭಾಗಗಳು ಸಿಗದ ದಿನಗಳಲ್ಲಿ ಒಂದು ಕಂತಿನ ಪೆಡಲುಗಳಿಗೆ ಪ್ಲಾಸ್ಟಿಕ್ಕಿನದರ ಬದಲು ಇಂಗಾಲದ್ದನ್ನೇ ಹಾಕಬೇಕಾಯಿತಂತೆ. ಕೊಂಡವರಿಗೆಲ್ಲ ತಿಳಿಸಬೇಕಿತ್ತು, ತಿಳಿಸಲಿಲ್ಲ, ನಿಮ್ಮ ಕ್ರಮಸಂಖ್ಯೆ ಆ ಕಂತಿನದೇ ಎಂದು ಬರೆದಿದ್ದ. ಸರಿಯಾದ ಎರಡು ಪೊಟೆನ್ಷಿಯೋಮೀಟರು ಕಳಿಸುತ್ತಿದ್ದೇನೆ, ಒಂದು ಹಾಕಲು, ಒಂದು ಇಟ್ಟುಕೊಳ್ಳಲು. ವಾರಂಟಿ ಮುಗಿದಿದ್ದರೂ ಹಣವೇನೂ ಬೇಡ ಎಂದಿದ್ದ. ಕೊನೆಗೆ, ಬಹಳ ಮೆತ್ತಗೆ, ಇನ್ನೊಂದು ಮಾತು: ನಿಮ್ಮ ಬೆಸುಗೆ ತುಂಬ ಅಚ್ಚುಕಟ್ಟಾಗಿದೆ, ಆದರೆ ಫೋಟೋದಲ್ಲಿ ಕಾಣುವ ಎ ಗುರುತಿನದು ಲಾಗರಿದಮಿಕ್, ಇಲ್ಲಿ ಬೇಕಾದದ್ದು ಬಿ. ಯುರೋಪಿನ ಕೆಲವು ತಯಾರಕರಲ್ಲಿ ಎ ಎಂದರೆ ಲೀನಿಯರ್ ಆದ್ದರಿಂದ ಈ ಗೊಂದಲ ಸಹಜ, ನಮ್ಮ ಕೈಪಿಡಿಯಲ್ಲಿ ಇದನ್ನು ಬರೆದಿರಬೇಕಿತ್ತು, ಇನ್ನು ಮುಂದೆ ಬರೆಯುತ್ತೇವೆ.

ಮಲ್ಟಿಮೀಟರ್ ತೆಗೆದು ಅಳೆದೆ. ಪಾದ ನಡುವಿನಲ್ಲಿದ್ದಾಗ 5 ಕಿಲೋ ಓಮ್ ಇರಬೇಕಾದಲ್ಲಿ 1.4 ಇತ್ತು. ನಮ್ಮ ಕಿವಿಗೆ ಸದ್ದು ಸಮನಾಗಿ ಏರಿದಂತೆ ಕೇಳಬೇಕಾದರೆ ಶಕ್ತಿ ಗುಣಿಸುತ್ತ ಹೋಗಬೇಕು; ಅದಕ್ಕೇ ರೇಡಿಯೋದ ವಾಲ್ಯೂಮ್ ಗುಂಡಿಗೆ ಲಾಗರಿದಮಿಕ್ ಹಾಕುತ್ತಾರೆ. ಎಕ್ಸ್‌ಪ್ರೆಷನ್ ಪೆಡಲಿನಲ್ಲಿ ಆ ಲೆಕ್ಕವನ್ನು ಡಬ್ಬಿಯೇ ಮಾಡುತ್ತದೆ. ಪೆಡಲು ಕಾಲಿದ್ದ ಜಾಗವನ್ನು ಪ್ರಾಮಾಣಿಕವಾಗಿ ಹೇಳಿದರೆ ಸಾಕು. ಎರಡು ನಿಮಿಷದ ಅಳತೆ ಇದು. ಹತ್ತನೆಯ ತರಗತಿಯ ಮಕ್ಕಳಿಗೆ ಅಳೆದು ನೋಡಿ, ಆಮೇಲೆ ನಂಬಿ ಎಂದು ಪ್ರತಿ ವರ್ಷ ಹೇಳುವವನು ನಾನು.

ಮಿರಜಿನ ತಂಬೂರಿ ಮಾಡುವವರ ನೆನಪಾಯಿತು. ನಮ್ಮ ಓಣಿಯ ಸಂಗೀತದ ಟೀಚರು ವರ್ಷಕ್ಕೊಮ್ಮೆ ತಂಬೂರಿಯನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿಕೊಂಡು ರೈಲು ಹತ್ತುತ್ತಾರೆ. ತಂತಿಗಳ ಕೆಳಗಿನ ಕುದುರೆಯನ್ನು ಉಜ್ಜಿ ಜವಾರಿ ಸರಿಮಾಡಿಸಲು. ಎಷ್ಟು ವರ್ಷದ ಹಿಂದೆ, ಯಾರ ಕೈಯಲ್ಲಿ ಆದ ತಂಬೂರಿ ಎಂದು ಅಲ್ಲಿಯ ಹಿರಿಯರು ನೋಡಿದೊಡನೆ ಹೇಳುತ್ತಾರಂತೆ. ಮಾರಿದ ಮೇಲೂ ಸಾಮಾನು ಅವರದೇ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ನೆನಪು. 1998. ತಾಲ್ಲೂಕಿನ ವಿಜ್ಞಾನ ವಸ್ತು ಪ್ರದರ್ಶನ. ನಾನು ಬರೆದುಕೊಟ್ಟ ಚಿತ್ರ ನೋಡಿ ಒಬ್ಬ ಹುಡುಗ ನಾಟಕದ ರಂಗದ ದೀಪವನ್ನು ನಿಧಾನವಾಗಿ ಆರಿಸುವ ಮಾದರಿ ಮಾಡಿದ್ದ. ಟಾರ್ಚಿನ ಬಲ್ಬು, ಸೆಲ್ಲುಗಳು, ಒಂದು ರಿಯೋಸ್ಟಾಟ್. ದೀಪ ಸಂಪೂರ್ಣ ಆರುವುದು ಎಂದು ದಪ್ಪಕ್ಷರದಲ್ಲಿ ಬರೆದ ರಟ್ಟು. ಪರೀಕ್ಷಕರು ಆರಿಸಿ ತೋರಿಸೆಂದರು. ಅವನು ಹಿಡಿಕೆಯನ್ನು ಕೊನೆಯವರೆಗೆ ಸರಿಸಿದ. ಬಲ್ಬು ಕೆಂಪಗೆ ಮಿಣುಕುತ್ತಲೇ ಇತ್ತು. ಅವರು ನಕ್ಕು ಮುಂದೆ ಹೋದರು. ಹುಡುಗ ನನ್ನ ಹತ್ತಿರ ಬಂದು, "ಸರ, ಚಿತ್ರದಾಗ ಏನರೆ ಬಿಟ್ಟದೇನು?" ಎಂದು ಕೇಳಿದ. ಎಲ್ಲರೆದುರಿಗೆ, "ಚಿತ್ರ ಸರಿ ಅದ. ನೀ ಜೋಡಿಸಿದ್ದ ತಪ್ಪು" ಎಂದೆ. ಅದೇ ವರ್ಷ ಬೇಸಿಗೆ ರಜೆಯಲ್ಲಿ ಹಳೆಯ ಹಾಳೆಗಳನ್ನು ತಿರುವುತ್ತಿದ್ದಾಗ ಆ ಚಿತ್ರ ಸಿಕ್ಕಿತು. ರಿಯೋಸ್ಟಾಟಿನ ಎರಡೇ ತುದಿಗಳಿಗೆ ತಂತಿ ಬರೆದಿದ್ದೆ. ಹಾಗೆ ಜೋಡಿಸಿದರೆ ದೀಪ ಮಂಕಾಗುತ್ತದೆ, ಆರುವುದಿಲ್ಲ. ಆರಬೇಕಾದರೆ ಮೂರನೆಯ ತಂತಿ ಬೇಕು. ಹಾಳೆಯನ್ನು ಹರಿದು ಹಾಕಿದೆ. ಅವನಿಗೆ ಹೇಳಲಿಲ್ಲ. ಅವನಾಗಲೇ ಐ.ಟಿ.ಐ. ಸೇರಿದ್ದ.

ಆ ಹುಡುಗನೇ ಈ ರಿಪೇರಿ ಅಂಗಡಿಯವನು. ನಾನು ಎ ಕೊಡು ಎಂದಾಗ ಅವನು ಯಾಕೆ ಬಾಯಿ ಮುಚ್ಚಿಕೊಂಡನೆಂಬುದು ಅಮೆರಿಕದ ಪತ್ರ ಓದಿದ ರಾತ್ರಿ ನನಗೆ ಅರ್ಥವಾಯಿತು.

ಮಗನಿಗೆ ಮರುದಿನ ಬೆಳಿಗ್ಗೆಯೇ ಪತ್ರ ತೋರಿಸಿದೆ. ಅವನು ಕೊನೆಯ ಪ್ಯಾರಾವನ್ನು ಎರಡು ಸಲ ಓದಿ, "ನಾ ಹೇಳಿದ್ನೆಲ್ಲ, ಬ್ಯಾರೆ ಅನಸ್ತದ ಅಂತ" ಎಂದಷ್ಟೇ ಹೇಳಿದ. "ಹೌದು, ಹೇಳಿದ್ದಿ" ಎಂದೆ. ಮೂರು ವಾರದ ಮೇಲೆ ಪುಟ್ಟ ಪೊಟ್ಟಣ ಬಂತು. ಎರಡು ಪೊಟೆನ್ಷಿಯೋಮೀಟರು, ಹೊಸದಾಗಿ ಅಚ್ಚು ಹಾಕಿಸಿದ ಕೈಪಿಡಿ. ಮೂರನೆಯ ಪುಟದಲ್ಲಿ ಎ ಮತ್ತು ಬಿ ಗುರುತಿನ ಬಗ್ಗೆ ನಾಲ್ಕು ಸಾಲು ಇತ್ತು.

ಬೆಸುಗೆ ನಾನೇ ಹಾಕಬಹುದಿತ್ತು. ಹಾಕಲಿಲ್ಲ. ಪೆಡಲನ್ನು ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಗಿರಾಕಿಗಳು ಇಬ್ಬರಿದ್ದರು. ಅವರು ಹೋಗಲಿ ಎಂದು ಮೊದಲು ಅನ್ನಿಸಿತು. ಅಂದು ಹೇಳಿದ್ದು ಎಲ್ಲರೆದುರಿಗಲ್ಲವೇ ಎಂದು ನಿಂತೆ.

"ನೋಡಪಾ, 98ನೇ ಇಸವಿಯಾಗ ನಿನಗ ಬರೆದುಕೊಟ್ಟಿದ್ನೆಲ್ಲ ಒಂದು ಚಿತ್ರ, ರಂಗದ ದೀಪದ್ದು. ಅದು ತಪ್ಪಿತ್ತು. ನಿಂದಲ್ಲ, ನಂದು."

ಅವನು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ. "ಗೊತ್ತದ್ರಿ ಸರ. ಅವತ್ತು ರಾತ್ರಿನ ಮೂರನೇ ತಂತಿ ಹಾಕಿ ನೋಡಿದ್ದೆ. ಪೂರಾ ಆರ್ತು."

"ಮತ್ತ ಹೇಳಲಿಲ್ಲಲ್ಲೋ?"

"ನಿಮಗ ಹ್ಯಾಂಗ ಹೇಳೋದ್ರಿ ಸರ?" ಎಂದ. ಪೆಡಲು ಬಿಚ್ಚಿ, ಹಳೆಯದನ್ನು ಕಿತ್ತು, ಮೂರು ತಂತಿಗಳಿಗೂ ಬೆಸುಗೆ ಹಾಕಿ, ಮೀಟರು ಹಿಡಿದ. ಪಾದ ನಡುವಿನಲ್ಲಿ 5.1 ಕಿಲೋ ಓಮ್. ಮೀಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದ.

ದುಡ್ಡು ಎಷ್ಟೆಂದು ಕೇಳಿದೆ. ಬೇಡವೆಂದ. ನಾನು ಒತ್ತಾಯ ಮಾಡಿದಾಗ, ಕಿತ್ತಿಟ್ಟ ಎ ಗುರುತಿನ ಪೊಟೆನ್ಷಿಯೋಮೀಟರನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ಇದ ಇರಲಿ ಬಿಡ್ರಿ ಸರ. ಗುಡಿಯವರ ಆಂಪ್ಲಿಫೈಯರ್ ಬಂದದ, ವಾಲ್ಯೂಮಿಗೆ ಇದ ಬೇಕಿತ್ತು" ಎಂದ.